ಸೂತಕದ ಮನೆಗೆ ಕ್ರಿಸ್ಮಸ್

ಕುಂದಗೋಳದಲ್ಲಿ ಉಡಚಪ್ಪನ ಮನೆಯ ಪಡಸಾಲೆಗೆ ಅಂಟಿಕೊಂಡ ಖೋಲಿಯಲ್ಲಿ ನಾವಿಬ್ಬರು ಬಾಡಿಗೆಗಿದ್ದೆವು. ನಾನು ಪ್ರಭಂಜನ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಅವನು ಎಮೆಟ್, ಅಮೆರಿಕದ ನೆಬ್ರಾಸ್ಕಾ ಸೀಮೆಯವನು, ನಮ್ಮ ತಾಲೂಕಿನ ಜನರಿಗೆ ಕೋಳಿ ಸಾಕುವುದನ್ನು ಕಲಿಸಲು ಬಂದವನು. ಕೋಳಿ ಸಾಕುವುದನ್ನು ನಮ್ಮವರು ಅಮೆರಿಕದವನಿಂದ ಕಲಿಯಬೇಕೆ ಎಂದು ನೀವು ಕೇಳಬಹುದು. ಕೋಳಿಗಳೂ ಅದನ್ನೇ ಕೇಳುತ್ತಿದ್ದವು.

ಅಣ್ಣಿಗೇರಿಯಲ್ಲಿದ್ದ ನನ್ನ ತಾಯಿ ಮಥುರಾಬಾಯಿಯವರು, ಮಗನು ಕುಂದಗೋಳದ ಪೋಸ್ಟ್ ಮಾಸ್ತರ ಪಂಢರಿನಾಥರಾಯರ ಮನೆಯಲ್ಲಿ ಮಡಿಯಿಂದ ಊಟ ಮಾಡಿಕೊಂಡಿದ್ದಾನೆ ಎಂದು ನಂಬಿದ್ದರು. ಮಗನಾದರೋ ಉಡಚಪ್ಪನ ಕುರಿಗಳ ವಾಸನೆಯಲ್ಲಿ, ಅವನ ಹೆಂಡತಿ ದುಂಡವ್ವನ ಕೈಯ ಬಿಸಿರೊಟ್ಟಿ ತಿಂದುಕೊಂಡು, ಪಕ್ಕದಲ್ಲಿ ಒಬ್ಬ ಕೋಳಿಸಾಹೇಬನನ್ನು ಇಟ್ಟುಕೊಂಡು ಆನಂದವಾಗಿದ್ದ.

ಎಮೆಟ್ ಕನ್ನಡವನ್ನು ಯಾವುದೋ ತರಬೇತಿ ಶಿಬಿರದಲ್ಲಿ ಪುಸ್ತಕದಿಂದ ಕಲಿತು ಬಂದಿದ್ದ. "ನಾನು ಈಗ ಊಟವನ್ನು ಮಾಡುವೆನು" ಎನ್ನುತ್ತಿದ್ದ. ದುಂಡವ್ವ, "ಪುರಾಣ ಹೇಳಬ್ಯಾಡೋ ಯಪ್ಪಾ, ಉಣ್ಣು" ಎನ್ನುತ್ತಿದ್ದಳು. ನನ್ನ ಹೆಸರು ಅವನ ನಾಲಿಗೆಗೆ ಪೂರ್ತಿ ಹೊರಳದೆ ನನ್ನನ್ನು ಪ್ರಭು ಎಂದು ಕರೆಯುತ್ತಿದ್ದ. "ನೀ ನಂಬಿದ ಪ್ರಭು ಬ್ಯಾರೆ, ನಾ ಬ್ಯಾರೆ. ನನಗ ಮಾಸ್ತರಕಿ ಬಿಟ್ಟರ ಬ್ಯಾರೆ ಪವಾಡ ಬರೂದಿಲ್ಲ" ಎಂದು ನಾನು ಅವನಿಗೆ ಹೇಳಿಟ್ಟಿದ್ದೆ.

ಸಂಜೆಯಾದರೆ ಓಣಿಯ ಜನ ನಮ್ಮ ಕಟ್ಟೆಗೆ ಬರುತ್ತಿದ್ದರು. ನಾನು ನಮ್ಮ ಹೆಡ್ ಮಾಸ್ತರರಂತೆ ಮೂಗಿನಲ್ಲಿ ಮಾತಾಡುತ್ತಿದ್ದೆ, ರೇಲ್ವೆ ಗಾರ್ಡಿನಂತೆ ಸೀಟಿ ಊದುತ್ತಿದ್ದೆ, ಪೋಸ್ಟ್ ಮಾಸ್ತರರು ಟ್ರಂಕ್ ಕಾಲಿನಲ್ಲಿ "ಹಲೋ, ಹಲೋ, ಯಾವೂರ್ರಿ, ಕೇಳಸೂದಿಲ್ರಿ" ಎಂದು ಬೊಬ್ಬಿಡುವುದನ್ನು ಅವರೆದುರಿಗೇ ಮಾಡಿ ತೋರಿಸುತ್ತಿದ್ದೆ. ಒಂದು ಸಲ ಉಡಚಪ್ಪನ ಧ್ವನಿಯಲ್ಲಿ ಕುರಿ ಕರೆದಾಗ ಕುರಿಗಳು ನನ್ನ ಹತ್ತಿರ ಬಂದವು. ಅಂದಿನಿಂದ ಉಡಚಪ್ಪ ನನ್ನ ಯಾವ ಮಾತನ್ನೂ ಒಂದು ಸಲಕ್ಕೆ ನಂಬುತ್ತಿರಲಿಲ್ಲ.

ಎಪ್ಪತ್ನಾಲ್ಕನೆಯ ಇಸವಿಯ ದೀಪಾವಳಿಯ ಹೊತ್ತಿಗೆ ಎಮೆಟ್‌ನ ತಾಯಿಗೆ ಹೃದಯದ ಕಾಯಿಲೆ ಹೆಚ್ಚಾಗಿದೆ ಎಂಬ ಸುದ್ದಿ ಬಂತು. ಹೋಗಿಬರುವುದು ಅವನ ಕೈಯಲ್ಲಿರಲಿಲ್ಲ. ಕಳಿಸಿದ ಕಚೇರಿಯವರು ಅವಧಿ ಮುಗಿಯುವವರೆಗೆ ಬಿಡುವಂತಿರಲಿಲ್ಲ. ಅವನ ತಾಯಿ ಅವರೂರಿನ ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ನಿಲ್ಲುವಾಕೆ. ಮಗ ದೇಶ ಬಿಡುವಾಗ ಅವಳೊಂದು ಮಾತು ತೆಗೆದುಕೊಂಡಿದ್ದಳಂತೆ: ಕ್ರಿಸ್ಮಸ್ಸಿನ ಮುಂಜಾನೆ ಎಲ್ಲಿಯೇ ಇರು, ಒಂದು ಚರ್ಚಿನೊಳಗೆ ಹೋಗಿ, ಎದ್ದು ನಿಂತು, ಎಲ್ಲರೊಂದಿಗೆ ಹಾಡು, ನಾನು ಇಲ್ಲಿ ಹಾಡುತ್ತೇನೆ. ಹಿಂದಿನ ವರ್ಷ ಹುಬ್ಬಳ್ಳಿಗೆ ಹೋಗಿ ಹಾಡಿಬಂದಿದ್ದ. ಈ ವರ್ಷ ಅಷ್ಟೇ ಸಾಲದು ಎನಿಸಿತು ಅವನಿಗೆ.

"ಪ್ರಭು, ಈ ಸಲ ಮನೆಯಲ್ಲಿಯೂ ಹಬ್ಬವನ್ನು ಮಾಡೋಣ. ಎಲ್ಲರ ಫೋಟೋ ತೆಗೆದು ಅವ್ವನಿಗೆ ಕಳಿಸುವೆನು. ನನಗೆ ಇಲ್ಲಿ ಮನೆ ಇದೆ ಎಂದು ಅವಳು ನೋಡಲಿ."

ಹೀಗೆ ನಮ್ಮ ತಯಾರಿ ಶುರುವಾಯಿತು.

ಅವನಿಗೊಂದು ಗಿಡ ಬೇಕಿತ್ತು. ನಮ್ಮ ಎರೆಭೂಮಿಯಲ್ಲಿ ಅವನು ಹೇಳುವಂಥ ಗಿಡ ಎಲ್ಲಿಂದ ಬರಬೇಕು? ಜಾಲಿ ತೋರಿಸಿದೆ. ಮುಳ್ಳು ನೋಡಿ ಬೇಡವೆಂದ. ಕೊನೆಗೆ ಸ್ಟೇಶನ್ನಿನ ಹಿಂದಿದ್ದ, ಸೂಜಿಯಂಥ ಎಲೆಯ ಸರ್ವಿ ಮರದ ಒಂದು ಟೊಂಗೆ ತಂದು ಹಾಲಿನ ಪುಡಿಯ ಡಬ್ಬಿಯಲ್ಲಿ ನೆಟ್ಟೆವು. ಹಿಮಕ್ಕೆ ಮಾತ್ರ ಬರವಿರಲಿಲ್ಲ. ಹತ್ತಿ ಬಿಡಿಸುವ ಕಾಲ, ದುಂಡವ್ವ ಒಂದು ಮೊರದ ತುಂಬ ತಂದು ಸುರಿದಳು.

"ಇಷ್ಟೆಲ್ಲಾ ಹತ್ತೀನ ಗಿಡದ ಮ್ಯಾಲ ಹೊದಿಸಿ ಏನ್ ಮಾಡ್ತಾನ್ರಿ ಇಂವಾ? ಹಾಸಿಗಿ ಮಾಡ್ತಾನ?"

"ಗಿಡಕ್ಕ ಥಂಡಿ ಆಗ್ಯದವ್ವಾ, ಗಾದಿ ಹೊದಿಸ್ಲಿಕ್ಕೆ ಹತ್ಯಾನ," ಎಂದೆ.

"ನಿಮ್ಮ ಬಾಯಾಗ ಒಂದ್ ಖರೆ ಮಾತ್ ಬಂದ್ರ ಮಳಿ ಆಕ್ಕೈತಿ ನೋಡ್ರಿ."

ನಕ್ಷತ್ರ ಮಾಡುವ ಕೆಲಸ ಎದುರು ಮನೆಯ ಹಸನಬಿಗೆ ಹೋಯಿತು. ಮೊಹರಮ್ಮಿನ ತಾಬೂತಕ್ಕೆ ಬಣ್ಣದ ಕಾಗದ ಅಂಟಿಸುವ ಕೈ ಅವಳದು. ಬಿದಿರಿನ ಕಡ್ಡಿ ಸೀಳುತ್ತಾ, "ಎಷ್ಟ ಮೂಲಿ ಬೇಕಪ್ಪಾ ನಿನ್ನ ಚುಕ್ಕಿಗೆ?" ಎಂದು ಕೇಳಿದಳು. ಎಮೆಟ್ ಐದು ಎಂದ. "ಅಯ್ಯ, ಇಷ್ಟ ದೂರದಿಂದ ಬಂದೀ, ಏಳ ಮಾಡ್ತೇನಿ ತಗೋ," ಎಂದು ಏಳು ಮೂಲೆಯದನ್ನೇ ಮಾಡಿದಳು. ಗುಲಾಬಿ ಕಾಗದ, ಹಸಿರು ಬಾಲ.

ಇದು ಯಾವ ದೇವರ ಹಬ್ಬ ಎಂದು ಉಡಚಪ್ಪ ಕೇಳಿದ. ಕೂಸು ಹುಟ್ಟಿದ ಹಬ್ಬ, ದನದ ಕೊಟ್ಟಿಗೆಯಲ್ಲಿ ಹುಟ್ಟಿತು, ತಂದೆ ಮರಗೆಲಸದವನು ಎಂದು ಎಮೆಟ್ ತನ್ನ ಪುಸ್ತಕದ ಕನ್ನಡದಲ್ಲಿ ವಿವರಿಸಿದ.

"ಬಡಿಗ್ಯಾರ ಪೈಕಿ ಅನ್ನು," ಎಂದ ಉಡಚಪ್ಪ. "ಮತ್ತ ತೊಟ್ಟಲಾ? ಕೂಸು ಹುಟ್ಟಿದ ಮನಿಯಾಗ ತೊಟ್ಟಲಾ ಕಟ್ಟದ ಗಿಡಾ ನಡತಾರೇನು?"

ಅಟ್ಟದ ಮೇಲಿದ್ದ ತೊಟ್ಟಿಲು ಇಳಿದು ಬಂತು. ದುಂಡವ್ವ ಕರ್ಚಿಕಾಯಿಗೆ ಕೊಬ್ಬರಿ ಹೆರೆದಳು. ಎಮೆಟ್ ಬೆಳಗ್ಗೆ ಕೋಳಿಗೂಡುಗಳಿಗೆ ಹೋಗುವ ಮೊದಲು ತನ್ನ ಹಾಡನ್ನು ತಾಲೀಮು ಮಾಡುತ್ತಿದ್ದ. ನಮ್ಮೂರು ಸಂಗೀತಗಾರರ ಊರು, ಇಲ್ಲಿ ಚಹಾದಂಗಡಿಯವನಿಗೂ ಸುರದ ಬಗ್ಗೆ ಅಭಿಪ್ರಾಯವಿರುತ್ತದೆ. ಉಡಚಪ್ಪ ಕಂಬಳಿಯೊಳಗಿಂದಲೇ, "ದನಿ ಛಲೋ ಐತಿ, ಆದ್ರ ಒಮ್ಮೆಲೆ ಮ್ಯಾಲ ಹತ್ತಿ ಕುಂದರತಾನ. ಇಳ್ಯಾಕ ನಿಚ್ಚಣಿಕಿ ಬೇಕು" ಎಂದ.

ಹಬ್ಬಕ್ಕೆ ಮೂರು ದಿನ ಉಳಿದಿತ್ತು. ಆವತ್ತು ಶಾಲೆ ಬಿಟ್ಟು ಬಂದಾಗ ಓಣಿಯ ಗಂಡಸರು ನಮ್ಮ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಮಾತಿಲ್ಲದೆ ಕುಳಿತಿದ್ದರು. ಬಾಗಿಲಲ್ಲಿ ತೂಗುತ್ತಿದ್ದ ನಕ್ಷತ್ರ ಇರಲಿಲ್ಲ. ಒಳಗೆ ಒಲೆ ಆರಿಸಿದ್ದರು. ದುಂಡವ್ವ ಕರಿಯುತ್ತಿದ್ದ ಕರ್ಚಿಕಾಯಿಯ ಎಣ್ಣೆಯ ಬಾಣಲಿ ಅರ್ಧಕ್ಕೇ ಇಳಿದು ಮೂಲೆಯಲ್ಲಿ ತಣ್ಣಗಾಗುತ್ತಿತ್ತು. ಪೋಸ್ಟ್ ಮಾಸ್ತರ ಪಂಢರಿನಾಥರಾಯರು ಒಂದು ಕೈಯಲ್ಲಿ ಟೋಪಿ, ಇನ್ನೊಂದರಲ್ಲಿ ತಾರಿನ ಕಾಗದ ಹಿಡಿದು ನಿಂತಿದ್ದರು. ನಮ್ಮ ಕಡೆ ತಾರು ಬಂದಿತೆಂದರೆ ಸಾವೇ. ರಾಯರು ಅದನ್ನು ಓದಿ, ಹೆದರಿ, ದಾರಿಯುದ್ದಕ್ಕೂ ಹೇಳಿಕೊಂಡೇ ಬಂದಿದ್ದರು. ಎಮೆಟ್‌ನ ತಾಯಿ ತೀರಿದ್ದು ಇಡೀ ಓಣಿಗೆ ಗೊತ್ತಾಗಿತ್ತು, ಅವನೊಬ್ಬನನ್ನು ಬಿಟ್ಟು.

ಅವನು ಸೈಕಲ್ ಮೇಲೆ ಸೀಟಿ ಹಾಕುತ್ತಾ ಬಂದ. ಹ್ಯಾಂಡಲ್ಲಿಗೆ ಹುಬ್ಬಳ್ಳಿಯಿಂದ ತಂದ ಮೇಣದ ಬತ್ತಿಗಳ ಪುಡಿಕೆ ಜೋತಾಡುತ್ತಿತ್ತು. ಜನರನ್ನು ನೋಡಿ ಮುಖ ಅರಳಿಸಿ, ನಾವು ಕಲಿಸಿದ ಮಾತಿನಲ್ಲೇ, "ಬರ್ರಿ ಬರ್ರಿ! ಹಬ್ಬಕ್ಕ ಇನ್ನೂ ಮೂರ ದಿನ ಐತ್ರಿ! ಇಷ್ಟ ಲಗೂನ ಬಂದ್ರಿ?" ಎಂದ.

ಉಡಚಪ್ಪ ನನ್ನ ಕಡೆ ನೋಡಿ, "ನೀವ ಹೇಳ್ರಿ ಮಾಸ್ತರ್ರ. ನಿಮ್ಮ ಇಂಗ್ಲೀಷಿನ್ಯಾಗ ಹೇಳ್ರಿ" ಎಂದ.

ಇಂಗ್ಲಿಷಿನಲ್ಲಿ ಹೇಳಿದೆ. ಎಮೆಟ್ ನನ್ನ ಮುಖವನ್ನೇ ನೋಡುತ್ತಾ ನಿಂತ. ತುಟಿಯ ಕೊನೆಯಲ್ಲಿ ಒಂದು ನಗೆ ಕಾಯುತ್ತಿತ್ತು. ನಾನು ಯಾರ ಧ್ವನಿಯಲ್ಲಿ ಮಾತಾಡುತ್ತಿದ್ದೇನೆ, ಇದರ ಕೊನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವನು ಕಾಯುತ್ತಿದ್ದ. ಮತ್ತೊಮ್ಮೆ ಹೇಳಿದೆ. ಆಗಲೂ ಕಾದ. ಕೊನೆಗೆ ಪಂಢರಿನಾಥರಾಯರು ತಾರಿನ ಕಾಗದ ಚಾಚಿದ ಮೇಲೆ ಆ ನಗೆ ಇಳಿಯಿತು.

ಅವನು ಅಳಲಿಲ್ಲ. ಮೇಣದ ಬತ್ತಿಯ ಪುಡಿಕೆಯನ್ನು ಸೈಕಲ್ಲಿನಿಂದ ಬಿಚ್ಚಿ, ಒಳಗೆ ಹೋಗಿ, ಗಿಡದ ಬುಡದಲ್ಲಿ ಇಟ್ಟು ಬಂದ. ಉಡಚಪ್ಪ ಅವನ ತೋಳು ಹಿಡಿದು ಕಂಬಳಿಯ ಮೇಲೆ ಕೂರಿಸಿಕೊಂಡ.

ಮರುದಿನದಿಂದ ನಮ್ಮ ಖೋಲಿಗೆ ಮನೆಮನೆಯಿಂದ ಬುತ್ತಿ ಬರತೊಡಗಿತು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಓಣಿಯವರೇ ಉಣಿಸುತ್ತಾರೆ. ರೊಟ್ಟಿ, ಜುಣಕ, ಸಪ್ಪನೆಯ ಬೇಳೆ. ತೊಟ್ಟಿಲು ಅಟ್ಟಕ್ಕೆ ಹೋಯಿತು. ನಕ್ಷತ್ರವನ್ನು ಹಸನಬಿ ತನ್ನ ಮನೆಗೆ ಒಯ್ದಿದ್ದಳು. ಸರ್ವಿ ಟೊಂಗೆಯ ಮೇಲಿನ ಹತ್ತಿಯನ್ನು ದುಂಡವ್ವ ಒಂದೊಂದೇ ಎಳೆಯಾಗಿ ಬಿಡಿಸುವಾಗ ಎಮೆಟ್ ನೋಡುತ್ತಾ ಕುಳಿತಿದ್ದ.

ಇಂಗ್ಲಿಷಿನಲ್ಲಿ ನನಗೆ ಹೇಳಿದ: "ಅಲ್ಲಿ ಆಕೆಯನ್ನು ಇಂದು ಮಣ್ಣು ಮಾಡಿರುತ್ತಾರೆ. ನಾನು ಹೋಗಿ ಮುಟ್ಟಲಾರೆ. ನನಗೆ ಉಳಿದದ್ದು ಆ ಒಂದು ಹಾಡು. ಚರ್ಚಿನೊಳಗೆ ನಿಂತು ಹಾಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಇವರಿಗೆ ಹೇಳು. ನಮ್ಮಲ್ಲಿ ತಾಯಿ ಸತ್ತರೂ ಈ ಹಬ್ಬ ನಿಲ್ಲುವುದಿಲ್ಲ. ಸತ್ತಾಗಲೇ ಹೆಚ್ಚು ಬೇಕು."

ನಾನು ಕಟ್ಟೆಗೆ ಹೋಗಿ ಹೇಳಿದೆ. ನನ್ನ ಸ್ವಂತ ಧ್ವನಿಯಲ್ಲಿ, ಕೈ ಆಡಿಸದೆ, ಹುಬ್ಬು ಕುಣಿಸದೆ. ನನಗೇ ಅದು ಯಾರದೋ ಧ್ವನಿಯಂತೆ ಕೇಳಿಸಿತು.

ಉಡಚಪ್ಪ ಎದ್ದು ನಿಂತು ಕೈ ಜೋಡಿಸಿದ. "ಮಾಸ್ತರ್ರ, ಎಲ್ಲಾದರಾಗೂ ಚ್ಯಾಷ್ಟಿ ಮಾಡ್ರಿ, ಬ್ಯಾಡ ಅನ್ನಾಂಗಿಲ್ಲ. ಇದೊಂದ ಬಿಡ್ರಿ. ಹಡದಾಕಿ ಸತ್ತಾಳ."

"ಚ್ಯಾಷ್ಟಿ ಅಲ್ಲೋ ಉಡಚಪ್ಪಾ, ಖರೇನ ಅವರ ಕಡೆ ಹಂಗ ಅದ."

"ಕುರಿ ಕರದಾಗೂ ಖರೇನ ಅಂದಿದ್ರಿ."

ಜನ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಆಮೇಲೆ ಎಮೆಟ್ ತಾನೇ ಹೊರಗೆ ಬಂದು, "ನಮ್ಮಲ್ಲಿ ತಾಯಿಯು ಸತ್ತರೂ ಹಬ್ಬವನ್ನು ಮಾಡುವೆವು. ನಾನು ಹಾಡಬೇಕು" ಎಂದ. ದುಂಡವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಅವನು ಒಳಗೆ ಹೋದ ಮೇಲೆ ನನ್ನನ್ನು ಬದಿಗೆ ಕರೆದಳು.

"ತಲಿ ತಿರಗಾಕ ಹತ್ತೈತ್ರಿ ಹುಡಗಂದು. ಅವ್ವ ಸತ್ತಾಳ, ಹಾಡತೇನಿ ಅಂತಾನ. ಒಂದ್ ಹನಿ ಕಣ್ಣೀರ ಹಾಕಿಲ್ಲ ನೋಡಿದ್ರ್ಯಾ? ಒಳಗ ಗಡ್ಡಿ ಕಟ್ಟೈತಿ ದುಃಖ. ಅತ್ತರ ಬದುಕತಾನ, ಇಲ್ಲಾಂದ್ರ ಆ ಗಡ್ಡಿ ಅವನ್ನ ತಿಂತೈತಿ."

"ಅವರಲ್ಲಿ ಹಂಗ ಬಾಯಿಬಿಟ್ಟು ಅಳೂದಿಲ್ಲ ದುಂಡವ್ವಾ."

"ಹಂಗಾರ ಸತ್ತಾರಿಗೆ ಗೊತ್ತರೆ ಹ್ಯಾಂಗ ಆಕ್ಕೈತ್ರಿ?"

ಇದಕ್ಕೆ ಯಾವ ಉತ್ತರವಾದರೂ ನನ್ನ ಬಾಯಿಂದ ಬಂದರೆ ಅದಕ್ಕೆ ಬೆಲೆಯಿರಲಿಲ್ಲ.

ಹಬ್ಬದ ದಿನ ಮುಂಜಾನೆ ಎಮೆಟ್ ಸ್ನಾನ ಮಾಡಿ, ಇದ್ದ ಒಂದೇ ಕರಿಯ ಕೋಟು ಹಾಕಿಕೊಂಡ. ಹುಬ್ಬಳ್ಳಿಯ ಚರ್ಚಿಗೆ ಹೋಗುತ್ತೇನೆ ಎಂದು ಉಡಚಪ್ಪನಿಗೆ ಹೇಳಿದ. ಬೇಡವೆನ್ನುತ್ತಾನೆಂದು ನಾನು ಅಂಜಿದ್ದೆ. ಉಡಚಪ್ಪ, "ಹೋಗೂಣು ನಡಿ" ಎಂದ. "ಹೊರಗ ನಿಂತು ದೇವರಿಗೆ ಕೈ ಮುಗದು ಬರೂಣು. ಸೂತಕದಾಂವ ಒಬ್ಬನ ಊರ ದಾಟಬಾರದು."

ನಾವಿಬ್ಬರು ಹೋಗುತ್ತೇವೆ, ನಿಮಗ್ಯಾಕೆ ತ್ರಾಸು ಎಂದೆ. ಅಷ್ಟರಲ್ಲಿ ಉಡಚಪ್ಪ ಕಂಬಳಿ ಹೆಗಲಿಗೇರಿಸಿದ್ದ. ದುಂಡವ್ವ ಬುತ್ತಿ ಕಟ್ಟಿದ್ದಳು. ಹಸನಬಿ ಬಾಗಿಲಿಗೆ ಕೀಲಿ ಹಾಕಿ ಬಂದಳು. ಪಂಢರಿನಾಥರಾಯರು, ತಾವು ತಂದ ತಾರು ತಮ್ಮನ್ನು ಬಿಡುತ್ತಿಲ್ಲವೆಂಬಂತೆ, ಹಿಂದಿನಿಂದ ಬಂದು ಕೂಡಿಕೊಂಡರು. ಅವರ ಹಿಂದೆ ಓಣಿಯ ಮತ್ತೂ ಕೆಲವರು. ಯಾರ ಕಾಲಲ್ಲೂ ಚಪ್ಪಲಿಯಿರಲಿಲ್ಲ. ಪ್ಯಾಸೆಂಜರ್ ಗಾಡಿಯಲ್ಲಿ ನಾವೆಲ್ಲ ಒಂದು ಡಬ್ಬಿಯಲ್ಲಿ ಮೂಕರಾಗಿ ಕುಳಿತೆವು. ಎದುರು ಸೀಟಿನವನೊಬ್ಬ, "ಯಾರ್ ತೀರ್ಯಾರ್ರಿ?" ಎಂದು ಕೇಳಿದ. "ನಮ್ಮ ಅಕ್ಕ," ಎಂದಳು ದುಂಡವ್ವ. ಎಮೆಟ್‌ಗೆ ಅದು ಅರ್ಥವಾಯಿತು. ಕಿಟಕಿಯ ಕಡೆ ಮುಖ ತಿರುಗಿಸಿದ.

ಚರ್ಚಿನ ಮುಂದೆ ಟಾಂಗಾಗಳು ನಿಂತಿದ್ದವು. ಹೊಸ ಫ್ರಾಕು, ಹೊಸ ಸೀರೆಗಳ ಜನ ಒಳಗೆ ಹೋಗುತ್ತಿದ್ದರು. ಹಾರ್ಮೋನಿಯಂ ಪೇಟಿ ಬಾರಿಸುವುದು ಹೊರಗೇ ಕೇಳುತ್ತಿತ್ತು. ಎಮೆಟ್ ಗೇಟಿನೊಳಗೆ ಕಾಲಿಡಲಿರುವಾಗ ಉಡಚಪ್ಪ ಅವನ ಮುಂಗೈ ಹಿಡಿದ.

"ಮಗಾ, ಇಲ್ಲೇ. ಸೂತಕದಾಗ ಗುಡಿ ಹೊಸ್ತಲಾ ದಾಟಬಾರದು. ನಿನ್ನ ಸಲುವಾಗಿ ಅಲ್ಲ, ಆಕಿ ಸಲುವಾಗಿ. ಆಕಿ ದಾರಿ ಕೆಡತೈತಿ."

ನಾನು ಮಾತಾಡಿದೆ. ಇಲ್ಲಿ ಸೂತಕವಿಲ್ಲ ಎಂದೆ, ಇದು ಗುಡಿಯ ಹಾಗಲ್ಲ ಎಂದೆ, ದುಃಖವಿದ್ದವರೇ ಮೊದಲು ಬರುವ ಜಾಗ ಇದು ಎಂದೆ. ಉಡಚಪ್ಪ ನನ್ನ ಕಡೆ ತಿರುಗಲೇ ಇಲ್ಲ. ನಾನು ಓಡಿ ಒಳಗಿನಿಂದ ಬಿಳಿ ಅಂಗಿಯ ಒಬ್ಬ ಹಿರಿಯರನ್ನು ಕರೆತಂದೆ. ನೀವೇ ಹೇಳಿರಿ ಎಂದು ಬೇಡಿಕೊಂಡೆ.

"ಬನ್ನಿ, ಬನ್ನಿ. ಎಲ್ಲರೂ ಒಳಗೆ ಬನ್ನಿ. ಇಲ್ಲಿ ಅಂಥದ್ದೇನೂ ಇಲ್ಲ," ಎಂದರು ಅವರು.

ಉಡಚಪ್ಪ ಬಾಗಿ ನಮಸ್ಕರಿಸಿದ. "ನೀವು ದೊಡ್ಡವರು, ಅಂತೀರಿ. ಮೈಲಿಗಿ ನಮ್ಮದು. ಕೂಸಿನ ಹಬ್ಬದ ದಿನ ನಿಮ್ಮ ಗುಡಿ ಯಾಕ ಕೆಡಸೂಣು?" ಆಮೇಲೆ ನನ್ನ ಕಡೆ ಓರೆಯಾಗಿ ನೋಡಿ ದುಂಡವ್ವನಿಗೆ ಮೆಲ್ಲಗೆ ಹೇಳಿದ: "ಮಾಸ್ತರ್ರು ಕಲಿಸಿ ಕರಕೊಂಡ ಬಂದಾರ."

ಒಳಗೆ ಎಲ್ಲರೂ ಎದ್ದು ನಿಂತ ಸದ್ದಾಯಿತು. ಹಿರಿಯರು ಒಮ್ಮೆ ಹಿಂದೆ, ಒಮ್ಮೆ ನಮ್ಮ ಕಡೆ ನೋಡಿ, ನಾಚಿಕೊಂಡು ಒಳಗೆ ಹೋದರು. ಹಾಡು ಶುರುವಾಯಿತು. ಅದೇ ಹಾಡು. ಬೆಳಗಿನ ತಾಲೀಮಿನಲ್ಲಿ ಕೇಳಿ ಕೇಳಿ ನನಗೂ ಬಾಯಿಪಾಠವಾಗಿದ್ದ ಹಾಡು, ಇಲ್ಲಿ ಕನ್ನಡದ ಮಾತು ಹೊತ್ತು ಬಂತು.

ಎಮೆಟ್ ಒಂದು ಹೆಜ್ಜೆ ಮುಂದಿಟ್ಟ.

ಉಡಚಪ್ಪ ಎಳೆಯಲಿಲ್ಲ. ಕೈ ಬಿಟ್ಟುಬಿಟ್ಟ. ಬಿಟ್ಟು, ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತ. ತನ್ನ ಮನೆಯ ಮಗ ಮಾಡಬಾರದ್ದನ್ನು ಮಾಡುವಾಗ ನೋಡಲಾರದೆ ನಮ್ಮ ಕಡೆ ಹಿರಿಯರು ಹಾಗೆ ಕೂರುತ್ತಾರೆ. ಎಮೆಟ್‌ಗೆ ಅದನ್ನು ಯಾರೂ ಕಲಿಸಿರಲಿಲ್ಲ. ಆದರೆ ಎರಡು ವರ್ಷ ಆ ಮನೆಯ ರೊಟ್ಟಿ ತಿಂದಿದ್ದ.

ಬಾಗಿಲಿನವರೆಗೆ ಹೋಗಲು ಎಷ್ಟು ದೂರವಿತ್ತು? ನಾನಾಗಿದ್ದರೆ ಓಡಿಬಿಡುತ್ತಿದ್ದೆನೆಂದು ಇಂದಿಗೂ ಅನಿಸುತ್ತದೆ. ಅವನು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದ. ಗೇಟಿನ ಕಂಬಿ ಹಿಡಿದು, ಹೊರಗೆ, ರಸ್ತೆಯ ಧೂಳಿನಲ್ಲಿ ನೆಟ್ಟಗೆ ನಿಂತ. ಅಲ್ಲಿಂದಲೇ ಹಾಡುತ್ತೇನೆ ಎಂದು ತೀರ್ಮಾನಿಸಿದ್ದ. ಬಾಯಿ ತೆರೆದ.

ಮೊದಲ ಸಾಲು ಸರಿಯಾಗಿ ಬಂತು. ಎರಡನೆಯ ಸಾಲಿನಲ್ಲಿ, ಸುರ ಮೇಲೆ ಹತ್ತುವ ಅದೇ ಜಾಗದಲ್ಲಿ, ಧ್ವನಿ ಒಡೆಯಿತು.

"ಅತ್ತಾ!" ಎಂದಳು ದುಂಡವ್ವ. "ಅತ್ತಾನ್ರೀ ನನ್ನ ಮಗಾ! ಅಳಪ್ಪಾ, ಅಳು. ನಿನ್ನ ಕೂಡ ನಾವ ಅದೇವು."

ಅವಳು ಅವನ ಕೊರಳಿಗೆ ಜೋತುಬಿದ್ದಳು. ಹಸನಬಿ ಎದೆ ಬಡಿದುಕೊಂಡಳು. ದುಂಡವ್ವ ರಾಗ ಎತ್ತಿ, ಕಂಡರಿಯದ ಆ ಹೆಂಗಸಿನ ಮೇಲೆ ಹಾಡಿಕೊಂಡು ಅಳತೊಡಗಿದಳು: "ನನ್ನಕ್ಕಾ, ಇಂಥಾ ಮಗನ್ನ ಹಡದಿ, ಅವನ ಕೈಯಾಗಿನ ಒಂದ್ ಹನಿ ನೀರು ಕುಡೀಲಿಲ್ಲಲ್ಲವ್ವಾ! ನಮ್ಮ ಓಣಿಗೆ ಅವನ್ನ ಕೊಟ್ಟು ನೀ ಎಲ್ಲಿಗ್ ಹೋದ್ಯವ್ವಾ!" ಗಂಡಸರು ಗೊಳೋ ಎಂದರು. ಪಂಢರಿನಾಥರಾಯರು ಟೋಪಿಯಿಂದ ಮುಖ ಮುಚ್ಚಿಕೊಂಡರು.

ಎಮೆಟ್ ಹಾಡುತ್ತಲೇ ಇದ್ದ. ತುಟಿ ಆಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಧ್ವನಿ ಯಾರಿಗೂ ಕೇಳಿಸಲಿಲ್ಲ, ಬಹುಶಃ ಅವನಿಗೂ. ಒಳಗೆ ಹಾಡು ಮುಗಿಯಿತು. ಮುಗಿದದ್ದು ಗೊತ್ತಾದ ಮೇಲೂ ಅವನ ತುಟಿ ಸ್ವಲ್ಪ ಹೊತ್ತು ಆಡಿ ನಿಂತಿತು.

ಉಡಚಪ್ಪ ಎದ್ದು ಬಂದು ಅವನ ಬೆನ್ನು ಸವರಿದ. ಎದುರಿನ ಚಹಾದಂಗಡಿಯಿಂದ ಒಂದು ತಂಬಿಗೆ ನೀರು ತಂದು ಕುಡಿಸಿದ. "ಹಗರಾತು ನೋಡು," ಎಂದ. ಎಲ್ಲರ ಮುಖದಲ್ಲೂ ದೊಡ್ಡ ಗಂಡಾಂತರ ಕಳೆದ ನಿರಾಳ ಇತ್ತು. ಹೊರಗೆ ಬಂದ ಜನ ಒಬ್ಬರಿಗೊಬ್ಬರು ಕೈ ಕುಲುಕಿ ಹಬ್ಬದ ಶುಭಾಶಯ ಹೇಳುತ್ತಿದ್ದರು. ಯಾರೋ ಒಬ್ಬರು ಎಮೆಟ್‌ಗೂ ಹೇಳಿದರು. ಅವನು ಥ್ಯಾಂಕ್ಯೂ ಎಂದ.

ಸ್ಟೇಶನ್ನಿನಲ್ಲಿ ದುಂಡವ್ವ ಬುತ್ತಿ ಬಿಚ್ಚಿದಳು. ಅವನು ಕೊಟ್ಟಷ್ಟು ತಿಂದ. ನಾನು ಪಕ್ಕದಲ್ಲಿ ಕುಳಿತು ಇಂಗ್ಲಿಷಿನಲ್ಲಿ, ಎರಡು ಸಾಲಾದರೂ ಆಯಿತಲ್ಲ ಎಂದೆ.

"ಆಕೆ ಹಾಡುತ್ತಿದ್ದದ್ದು ಮೂರನೆಯ ನುಡಿ," ಎಂದ. "ಒಬ್ಬಳೇ. ಬೇರೆಯವರು ಅಲ್ಲಿ ಸುಮ್ಮನಿರುತ್ತಿದ್ದರು."

ಗಾಡಿ ಹೊರಟ ಮೇಲೆ ದುಂಡವ್ವನಿಗೆ ಮಾತು ಬಂತು. ಬುತ್ತಿಯ ಅರಿವೆ ಝಾಡಿಸುತ್ತಾ, "ಬರೂ ವರ್ಷ ಈ ಹೊತ್ತಿಗೆ ವರ್ಷ ತುಂಬಿರತೈತಿ. ಆವಾಗ ಯಾವ ಅಡ್ಡಿ ಇಲ್ಲ. ತೊಟ್ಟಲಾ ಕಟ್ಟೂಣು, ಗಿಡಾ ನಡೂಣು, ಎಷ್ಟ ಬೇಕಾದಷ್ಟು ಹಾಡು. ಅವ್ವಗ ಫೋಟೋ..." ಎಂದವಳು ನಾಲಿಗೆ ಕಚ್ಚಿಕೊಂಡಳು.

"ಆಗಲಿ," ಎಂದ ಎಮೆಟ್.

ಅವನ ಅವಧಿ ಮೇ ತಿಂಗಳಿಗೆ ಮುಗಿಯುವುದಿತ್ತು. ಅದು ದುಂಡವ್ವನಿಗೆ ಗೊತ್ತಿರಲಿಲ್ಲ. ಹೇಳಲೇ ಎಂಬಂತೆ ಅವನ ಕಡೆ ನೋಡಿದೆ. ಅವನು ತಲೆ ಅಲ್ಲಾಡಿಸಿ ಬೇಡವೆಂದ. ಹೊರಗೆ ಹತ್ತಿಯ ಹೊಲಗಳು ಬಿಳಿಯಾಗಿ ಹಿಂದೆ ಹೋಗುತ್ತಿದ್ದವು. ಉಡಚಪ್ಪ ತನ್ನ ಕಂಬಳಿಯ ಅರ್ಧವನ್ನು ಎಮೆಟ್‌ನ ಹೆಗಲಿಗೆ ಹೊದಿಸಿದ. ಬಿಸಿಲು ಚುರುಗುಡುತ್ತಿತ್ತು, ಆದರೂ ಅವನು ಅದನ್ನು ಸರಿಸಲಿಲ್ಲ.